ಕುಶನ್ ಮಾಮ ಕಿವಿ ತೆಗೆದಿಟ್ಟ ಭಾನುವಾರ

ಸ್ಕೂಟರು, ಆಟೋ, ಕಾರುಗಳ ಹರಿದ ಸೀಟುಗಳಿಗೆ ಹೊಸ ಹೊದಿಕೆ ಹಾಕಿಕೊಡುವುದು ಅವರ ಕಸುಬು. ಆದ್ದರಿಂದ ಪೇಟೆಗೆಲ್ಲ ಅವರು ಕುಶನ್ ಮಾಮ. ಫೋಮ್ ಕೊಯ್ದು ಕೂರಿಸಿ, ಅದರ ಮೇಲೆ ರೆಕ್ಸಿನ್ ಎಳೆದು, ಬಾಯಿತುಂಬ ಕಚ್ಚಿಕೊಂಡ ಸಣ್ಣ ಮೊಳೆಗಳನ್ನು ಒಂದೊಂದಾಗಿ ತೆಗೆದು ಬಡಿಯುತ್ತ ಹೋಗುವುದು ಅವರ ರೀತಿ. ಬಾಯಲ್ಲಿ ಮೊಳೆಯಿರುವಾಗ ಮಾತಾಡುವಂತಿಲ್ಲ. ಹಾಗಾಗಿ ಗಿರಾಕಿ ಏನೇ ಕೇಳಲಿ, ಒಪ್ಪಿಗೆಯಾದರೆ ತಲೆ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು; ಇಲ್ಲವಾದರೆ ಅಡ್ಡಡ್ಡ. ಅವರ ವ್ಯಾಪಾರವೆಲ್ಲ ಹೆಚ್ಚುಕಡಿಮೆ ತಲೆಯಾಡಿಸಿಯೇ ನಡೆದುಬಂದಿತ್ತು.

ಪಕ್ಕದ ಟಿಂಕರಿಂಗ್ ಅಂಗಡಿಯವನು ಕಾರುಗಳ ನೆಗ್ಗಿದ ಬಾಗಿಲುಗಳನ್ನು ವರ್ಷಗಟ್ಟಲೆ ಬಡಿದು ಬಡಿದು ಮಾಮನ ಎರಡು ಕಿವಿಗಳನ್ನೂ ಮುಗಿಸಿದ್ದ. ಈಗ ಕಿವಿಗೊಂದು ಮಿಷನ್ ಬಂದಿತ್ತು. ಅದು ಬರುವ ಮೊದಲು, ಜನರ ತುಟಿ ನೋಡಿಯೇ ಮಾತು ತಿಳಿಯುವುದನ್ನು ಅವರು ಕಲಿತಿದ್ದರು. ರಸ್ತೆಯ ಆಚೆ ಬದಿಯಲ್ಲಿ ಇಬ್ಬರು ಗುಸುಗುಸು ಎಂದರೂ ಇವರಿಗೆ ಗೊತ್ತಾಗುತ್ತಿತ್ತು. "ಮಾಮನ ಮುಂದೆ ಗುಟ್ಟು ಮಾತಾಡೋದಾದ್ರೆ ಬೆನ್ನು ತಿರುಗಿಸಿ ಮಾತಾಡಿ" ಎಂದು ಪೇಟೆಯವರು ನಗುತ್ತಿದ್ದರು.

ಮಾಮನಿಗಿದ್ದ ಒಂದೇ ಹುಚ್ಚು ಟಿವಿಯಲ್ಲಿ ಬರುವ ಕಾರ್ ರೇಸಿನದು. ಸ್ವತಃ ಇಳಿಜಾರು ಬಂದರೆ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುವ ಮನುಷ್ಯ. ಟಿವಿಯಲ್ಲಿ ಕಾರು ತಿರುವಿಗೆ ನುಗ್ಗಿದರೆ ಕುಳಿತ ಕುರ್ಚಿಯಲ್ಲೇ ಪಕ್ಕಕ್ಕೆ ವಾಲುತ್ತಿದ್ದರು. ಆದರೆ ರೇಸ್ ನಡೆಯುವುದು ಭಾನುವಾರ ಹಗಲು. ಗಾಡಿಯವರಿಗೆ ಬಿಡುವು ಸಿಗುವುದೂ ಭಾನುವಾರವೇ. ಅಂಗಡಿ ಮುಚ್ಚುವಂತಿರಲಿಲ್ಲ. ಆದ್ದರಿಂದ ಮನೆಯ ಟಿವಿ ಬಾಕ್ಸಿನಲ್ಲಿ ರೆಕಾರ್ಡ್ ಆಗಲು ಇಟ್ಟು ಸಂಜೆ ನೋಡುತ್ತಿದ್ದರು. ಸಂಜೆಯಾಗುವುದರೊಳಗೆ ಯಾರಾದರೊಬ್ಬರು ಕೆಡಿಸದೆ ಬಿಡುತ್ತಿರಲಿಲ್ಲ. ಒಮ್ಮೆ ಗಿರಾಕಿಯೊಬ್ಬ ಸ್ಕೂಟರಿಗೆ ಸ್ಟ್ಯಾಂಡ್ ಹಾಕುವ ಮೊದಲೇ, "ಮಾಮ, ನಿಮ್ಮೋನು ಗೋಡೆಗೆ ಗುದ್ಬಿಟ್ಟ!" ಎಂದ. ಇನ್ನೊಮ್ಮೆ ಹೆಂಡತಿಯೇ, "ನಾನಂತೂ ಏನೂ ಹೇಳಲ್ಲಪ್ಪ. ಆದ್ರೆ ರೇಸ್ ನೋಡೋಕೆ ಮುಂಚೆ ಊಟ ಮಾಡ್ಬಿಡಿ, ಆಮೇಲೆ ನಿಮಗೆ ಸೇರಲ್ಲ" ಎಂದರು.

"ಏನೂ ಹೇಳಲ್ಲ ಅಂತ ಎಲ್ಲಾ ಹೇಳಿಬಿಟ್ಯಲ್ಲೇ!" ಎಂದು ಮಾಮ ಹಣೆ ಚಚ್ಚಿಕೊಂಡರು.

"ಹಾಗಾದ್ರೆ ಊಟ ಬೇಡ್ವಾ?"

ಮಾಮನ ಮೆಚ್ಚಿನ ರೇಸುಗಾರನದು ಹಳದಿ ಹೆಲ್ಮೆಟ್ಟು. ಮನೆಯಲ್ಲಿ ಅವನಿಗೆ 'ನಮ್ಮ ಹಳದಿ' ಎಂದೇ ಹೆಸರು. ಹಳದಿಗೆ ವಯಸ್ಸಾಗಿತ್ತು, ಆ ಭಾನುವಾರದ್ದೇ ತನ್ನ ಕೊನೆಯ ರೇಸು ಎಂದು ಸಾರಿಬಿಟ್ಟಿದ್ದ. ವರ್ಷದ ಪಟ್ಟವೂ ಅದರಲ್ಲೇ ತೀರ್ಮಾನವಾಗಬೇಕಿತ್ತು. ಕೆಂಪು ಹೆಲ್ಮೆಟ್ಟಿನ ಎಳೆಯನಿಗಿಂತ ಮೊದಲು ಗುರಿ ಮುಟ್ಟಿದರೆ ಪಟ್ಟ ಹಳದಿಗೆ. ಇದೊಂದು ರೇಸನ್ನಾದರೂ, ಮುಂದೇನೆಂದು ತಿಳಿಯದೆ, ಎದೆ ಡವಗುಟ್ಟುತ್ತ ನೋಡಬೇಕೆಂಬುದು ಮಾಮನ ಆಸೆ. ಇದು ತಪ್ಪಿದರೆ ಇನ್ನೊಂದಿಲ್ಲ.

ಅದಕ್ಕಾಗಿ ಅವರು ಅಂದು ಅಂಗಡಿಯ ಬಾಗಿಲು ತೆರೆಯುತ್ತಲೇ ಕಿವಿಯ ಮಿಷನ್ ತೆಗೆದು ಜೇಬಿಗೆ ಹಾಕಿಕೊಂಡರು. ಅಷ್ಟರಲ್ಲೇ ನೆನಪಾಯಿತು: ತಮ್ಮ ಕಣ್ಣೂ ಕೇಳಿಸಿಕೊಳ್ಳುತ್ತದಲ್ಲ! ಸಂಜೆಯವರೆಗೆ ಯಾರ ಮುಖವನ್ನೂ ನೋಡುವುದಿಲ್ಲ, ಕಾಲುಗಳನ್ನು ಮಾತ್ರ ನೋಡುವುದು ಎಂದು ನಿಶ್ಚಯಿಸಿ, ಬಾಯಿಗೆ ಮೊಳೆ ತುಂಬಿಕೊಂಡು ತಲೆ ತಗ್ಗಿಸಿ ಕುಳಿತರು.

ಮೊದಲು ಬಂದದ್ದು ಸವೆದ ಕಂದು ಚಪ್ಪಲಿ, ಹೆಂಡತಿಯ ತಮ್ಮನದು. "ಭಾವ, ನಮ್ಮ ಟಿವಿ ಬಾಕ್ಸ್ ಕೆಟ್ಟು ಕೂತಿದೆ. ಇವತ್ತೊಂದಿನ ನಿಮ್ಮದನ್ನ ತಗೊಂಡು ಹೋಗ್ಲಾ? ನಿಮ್ಮ ರೆಕಾರ್ಡಿಂಗೂ ನಾನೇ ಇಡ್ತೀನಿ" ಎಂದು ಆತ ಕೇಳಿದ. ತನ್ನ ಸ್ಕೂಟರಿನ ಸೀಟು ಆಯಿತೇ ಎಂದು ಕೇಳುತ್ತಿದ್ದಾನೆಂದು ಮಾಮ ತಿಳಿದರು. ಸೀಟು ಆಗಿತ್ತು. ತಲೆಯಾಡಿಸಿದರು.

ಆಮೇಲೆ ಹೊಳೆಯುವ ಕರಿ ಬೂಟು, ಬಡಾವಣೆಯ ಸಂಘದ ಅಧ್ಯಕ್ಷರದು. ಖಜಾಂಚಿಯಾಗಿ ಎಂದು ಅವರು ಕಂಡಕಂಡವರನ್ನೆಲ್ಲ ಗೋಗರೆದು ಸೋತಿದ್ದರು. ಆಫೀಸಿನ ಕುರ್ಚಿಗೆ ಕುಶನ್ ಕೇಳಲು ಬಂದಿರಬೇಕೆಂದು ಮಾಮ ಉದಾರವಾಗಿ ತಲೆಯಾಡಿಸಿದರು. ಬೂಟು ನಿಂತಲ್ಲೇ ಒಂದು ಕುಣಿತ ಹಾಕಿ, ಮಾಮ ಮನಸ್ಸು ಬದಲಿಸುವುದರೊಳಗೆ ಮಾಯವಾಯಿತು.

ಪಕ್ಕದ ಟಿಂಕರಿಂಗಿನವನಿಗೆ ಮಾತ್ರ ಅನುಮಾನ ಹತ್ತಿತು. ದಿನವೂ ಕಾಲೆಳೆಯುವ ಮಾಮ ಇಂದು ತಲೆ ಎತ್ತುತ್ತಿಲ್ಲ. ಯಾರೋ ತೀರಿಕೊಂಡಿರಬೇಕೆಂದುಕೊಂಡು ಬಂದು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, "ಯಾರು ಮಾಮ? ತುಂಬಾ ಹತ್ತಿರದವರಾ?" ಎಂದ. ಮಾಮ ತಲೆಯಾಡಿಸಿದರು. ಅವನು ನಿಟ್ಟುಸಿರು ಬಿಟ್ಟು ಅವರ ಭುಜ ತಟ್ಟಿದ.

ಆ ತಟ್ಟುವಿಕೆ ಮಾಮನ ಎದೆಗೇ ಬಿತ್ತು. ಇವನೇಕೆ ನನ್ನನ್ನು ಸಂತೈಸುತ್ತಿದ್ದಾನೆ? ಮುಗಿಯಿತು, ನಮ್ಮ ಹಳದಿ ಸೋತ! ಅವರ ಕಣ್ಣು ತುಂಬಿತು. ಅದನ್ನು ಕಂಡು ಟಿಂಕರಿಂಗಿನವನು ಮತ್ತೂ ಜೋರಾಗಿ ತಟ್ಟಿದ. ಸ್ವಲ್ಪ ಹೊತ್ತಿನಲ್ಲಿ ರಸ್ತೆಯಲ್ಲಿ ನಾಲ್ಕಾರು ಕಾಲುಗಳು ಕುಣಿಯುತ್ತ ಹೋದವು. ಹಾಗಾದರೆ ಗೆದ್ದನೇ? ಇನ್ನೊಬ್ಬ ಗಿರಾಕಿಯ ಕಾಲು ಬೇಸರದಿಂದ ನೆಲ ಒದೆಯಿತು. ಸೋತನೇ? ಹೀಗೆ ಅಂಗಡಿ ಮುಚ್ಚುವುದರೊಳಗೆ ಹಳದಿ ಅದೆಷ್ಟೋ ಸಲ ಗೆದ್ದು ಅದೆಷ್ಟೋ ಸಲ ಸೋತ. ಏನೂ ತಿಳಿಯಬಾರದೆಂದು ಕುಳಿತ ಮಾಮನಿಗೆ ಎಲ್ಲರಿಗಿಂತ ಹೆಚ್ಚು ಸುದ್ದಿ ಸಿಕ್ಕಿತ್ತು. ಯಾವುದನ್ನು ನಂಬಬೇಕೆಂದು ಮಾತ್ರ ಗೊತ್ತಿರಲಿಲ್ಲ.

ಮನೆಗೆ ಬಂದು ನೋಡಿದರೆ ಟಿವಿಯ ಕೆಳಗೆ ಬಾಕ್ಸೇ ಇಲ್ಲ, ವೈರು ಜೋತಾಡುತ್ತಿದೆ. ಹೆಂಡತಿ ಬಾಯಿ ತೆರೆಯುತ್ತಲೇ ಮಾಮ ಕಣ್ಣು ಮುಚ್ಚಿದರು. ಆಕೆ ಅವರ ಜೇಬಿಗೆ ಕೈಹಾಕಿ ಮಿಷನ್ ತೆಗೆದು ಕಿವಿಗೆ ತುರುಕಿದರು.

"ಬಾಕ್ಸು ತಮ್ಮನ ಮನೇಲಿದೆ ಕಣ್ರೀ. ನೀವೇ ಕೊಟ್ಟಿದ್ದು."

"ನಾನೆಲ್ಲಿ ಕೊಟ್ಟೆ?"

"ಕೇಳಿದ್ದಕ್ಕೆ ತಲೆ ಆಡಿಸಿದ್ರಂತೆ. ಖಜಾಂಚಿ ಬೇರೆ ಆಗಿದ್ದೀರಂತೆ. ಟಿಂಕರಿಂಗಿನವರ ಹೆಂಡತಿ ಬಂದು ನನ್ನ ಕೈ ಹಿಡ್ಕೊಂಡು ಅತ್ತು ಹೋದ್ಳು, ಯಾಕೆ ಅಂತ ನನಗೂ ಗೊತ್ತಿಲ್ಲ. ಇವತ್ತು ಏನೇನಕ್ಕೆ ಹೂಂ ಅಂದಿದ್ದೀರಿ?"

"ಅದಿರ್ಲಿ. ನೀನು ರೇಸ್ ನೋಡಿದ್ಯಾ?"

"ತಮ್ಮನ ಮನೆಗೆ ಹೋಗಿ ಎಲ್ಲರ ಜೊತೆ ನೋಡ್ದೆ."

"ಹಾಗಾದ್ರೆ ನನ್ನ ಹಿಂದೆ ಹಿಂದೆ ಬಾ. ಮುಖ ತೋರಿಸ್ಬೇಡ!"

ಭಾಮೈದನ ಮನೆಯಲ್ಲಿ ಮಾಮನದೇ ದರಬಾರು. ಟಿವಿಯ ಮುಂದೆ ಒಂದೇ ಕುರ್ಚಿ ಹಾಕಿಸಿದರು. ಭಾಮೈದ, ಅವನ ಹೆಂಡತಿ, ತಮ್ಮ ಹೆಂಡತಿ, ಬಟಾಣಿ ಸುಲಿಯುತ್ತಿದ್ದ ಅತ್ತೆ, ಎಲ್ಲರನ್ನೂ ಬೆನ್ನ ಹಿಂದೆ ಕೂರಿಸಿದರು. "ಒಂದು ‘ಅಯ್ಯೋ’ ಕೂಡ ಕೇಳಿಸಕೂಡದು" ಎಂದು ಎಲ್ಲರಿಂದಲೂ ಆಣೆ ಹಾಕಿಸಿಕೊಂಡರು.

ಮಳೆಯಿಂದಾಗಿ ರೇಸ್ ತಡವಾಗಿ ಶುರುವಾಯಿತು. ಕೆಂಪು ಮುಂದೆ, ಹಳದಿ ಹಿಂದೆ. ಮಾಮ ತಿರುವು ತಿರುವಿಗೂ ವಾಲಿದರು. ಹಿಂದೆ ಕುಳಿತವರು ಟಿವಿ ಬಿಟ್ಟು ಮಾಮನ ಬೆನ್ನನ್ನೇ ನೋಡಿದರು. ನಡುವೆ ಭಾಮೈದ ಕೆಮ್ಮಿದ.

"ಯಾಕೋ ಕೆಮ್ಮಿದೆ?"

"ಕೆಮ್ಮು ಬಂತು ಭಾವ."

"ಹಳದಿ ಹತ್ತಿರ ಬಂದಾಗಲೇ ಬರಬೇಕಾ? ಇದರಲ್ಲಿ ಏನೋ ಅರ್ಥ ಇದೆ."

"ಭಾವ, ನನ್ನ ಗಂಟಲಿಗೆ ರೇಸ್ ಗೊತ್ತಾಗಲ್ಲ."

ಇನ್ನು ಎರಡೇ ಸುತ್ತು. ಹಳದಿ ಕೆಂಪಿನ ಬೆನ್ನಿಗೇ ಅಂಟಿಕೊಂಡಿದ್ದ. ಮಾಮ ಕುರ್ಚಿಯ ತುದಿಗೆ ಬಂದಿದ್ದರು. ಅಷ್ಟರಲ್ಲಿ ಪರದೆ ಕಪ್ಪಾಯಿತು. ರೆಕಾರ್ಡಿಂಗ್ ಮುಗಿಯಿತು ಎಂಬ ಒಂದು ಸಾಲು ಬಂದು ನಿಂತಿತು. ಮಳೆಯಿಂದ ರೇಸ್ ತಡವಾದದ್ದು ಬಾಕ್ಸಿಗೆ ಗೊತ್ತಿರಲಿಲ್ಲ. ರೆಕಾರ್ಡ್ ಇಟ್ಟ ಭಾಮೈದನಿಗೂ ಹೊಳೆದಿರಲಿಲ್ಲ. ಅವನು ನಾಲಗೆ ಕಚ್ಚಿಕೊಂಡ.

ಮಾಮ ಆ ದಿನ ಮೊದಲ ಬಾರಿಗೆ ಹಿಂದೆ ತಿರುಗಿ ಮುಖಗಳನ್ನು ನೋಡಿದರು. ಒಬ್ಬೊಬ್ಬರೂ ತುಟಿ ಬಿಗಿಹಿಡಿದು ಕುಳಿತಿದ್ದರು.

"ಹೇಳ್ರೋ!"

"ಆಣೆ ಹಾಕ್ಸಿದ್ದೀರಿ ಭಾವ. ನಾಳೆ ಮತ್ತೆ ತೋರಿಸ್ತಾರೆ."

"ನಾಳೆವರೆಗೆ ನನ್ನ ಎದೆ ತಡೀಬೇಕಲ್ಲ! ಆಣೆ ವಾಪಸ್ ತಗೊಂಡೆ, ಹೇಳಿ."

ಎಲ್ಲರೂ ಒಟ್ಟಿಗೆ ಬಾಯಿ ತೆರೆದರು. ಮಾಮ ಎರಡೂ ಕೈಯೆತ್ತಿದರು. "ಬೇಡ, ಬೇಡ! ಕೊನೆಯದನ್ನ ಮೊದಲೇ ಹೇಳ್ಬೇಡಿ. ಒಬ್ಬರು ಹೇಳಿ, ಸುತ್ತು ಸುತ್ತಾಗಿ."

"ನಾನು ಹೇಳ್ತೀನಿ" ಎಂದರು ಅತ್ತೆ. ಮೊರವನ್ನು ಮುಂದಕ್ಕೆಳೆದು, ಸುಲಿಯದ ಎರಡು ಬಟಾಣಿ ಕಾಯಿಗಳನ್ನು ಅದರ ಅಂಚಿನಲ್ಲಿಟ್ಟರು.

"ಇದರಲ್ಲಿ ಹಳದಿ ಯಾವುದತ್ತೆ?"

"ಎರಡೂ ಹಸಿರೇ. ಉದ್ದ ಇರೋದು ನಮ್ಮೋನು ಅಂದ್ಕೊಳ್ಳಿ. ಕೆಂಪು ಹೀಗೆ ಹೋಗ್ತಿದ್ನಾ, ನಮ್ಮೋನು ಅವನ ಹಿಂದೇನೇ. ಆಗ ಸೊಸೆ ಬಂದು ನೀರು ಬೇಕಾ ಅಂತ ಕೇಳಿದ್ಳು. ಬೇಡ ಅಂದೆ."

"ನೀರಿನ ವಿಷಯ ಬಿಡಿ ಅತ್ತೆ!"

"ಬಿಟ್ಟೆ. ಆಮೇಲೆ ಕುಡಿದೆ ಅನ್ನಿ. ಆತುರ ಪಟ್ರೆ ನಾನು ಹೇಳೋಳಲ್ಲ ಅಳಿಯಂದ್ರೆ. ಇಡೀ ದಿನ ಕಾದೋರಿಗೆ ಒಂದು ಸುತ್ತು ಕಾಯೋಕಾಗಲ್ವಾ?" ಕಾಯಿಗಳು ಮೊರದ ಅಂಚಿನಲ್ಲಿ ಜಾರಿದವು. "ಕೊನೇ ಸುತ್ತು. ಆ ದೊಡ್ಡ ತಿರುವು ಬಂತಲ್ಲ, ಕೆಂಪು ಒಂಚೂರು ಹೊರಗಡೆಗೆ ಜರುಗಿದ. ನಮ್ಮೋನು ಆ ಸಂದೀಲಿ ಮೂತಿ ತೂರಿಸಿದ. ಇಬ್ರೂ ಪಕ್ಕಪಕ್ಕ. ಮಧ್ಯೆ ಒಂದು ಬಟಾಣಿ ಕಾಳೂ ಹಿಡಿಸಲ್ಲ!"

ಮಾಮ ಉಸಿರು ಬಿಗಿಹಿಡಿದು ಬಲಕ್ಕೆ ವಾಲಿದರು. ಎಲ್ಲ ಗೊತ್ತಿದ್ದ ಭಾಮೈದನೂ ವಾಲಿದ.

"ಗೆರೆ ಬಂತು, ಗೆರೆ ಬಂತು..." ಅತ್ತೆ ಉದ್ದದ ಕಾಯನ್ನು ಬೆರಳಿನಿಂದ ಚಿಮ್ಮಿದರು. "ಮೂತಿ ಮುಂದೆ! ನಮ್ಮ ಹಳದಿಯದೇ ಮೂತಿ ಮುಂದೆ!"

ಮಾಮ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಮಧ್ಯಾಹ್ನದಿಂದ ಬಾಯಿ ಕಟ್ಟಿಕೊಂಡಿದ್ದ ಮನೆಮಂದಿಯೆಲ್ಲ ಹಳದಿ ಆಗತಾನೇ ಗೆದ್ದಂತೆ ಹೋ ಎಂದು ಕೂಗಿದರು. ಮಾಮ ಭಾಮೈದನನ್ನು ತಬ್ಬಿ, ಬಿಟ್ಟು, ಬಾಕ್ಸ್ ನೆನಪಾಗಿ ಬೆನ್ನಿಗೊಂದು ಗುದ್ದಿ, ಮತ್ತೆ ತಬ್ಬಿಕೊಂಡರು. ಆಮೇಲೆ ಕುರ್ಚಿಯನ್ನು ಎತ್ತಿ, ಟಿವಿಗೆ ಬೆನ್ನು ಮಾಡಿ, ಅತ್ತೆಯ ಎದುರಿಗೆ ಹಾಕಿಕೊಂಡು ಕುಳಿತರು.

"ಅತ್ತೆ, ಆ ದೊಡ್ಡ ತಿರುವಿನಿಂದ ಇನ್ನೊಂದ್ಸಲ."

ಅತ್ತೆ ಕೆಳಗೆ ಬಿದ್ದಿದ್ದ ಉದ್ದದ ಕಾಯಿ ಹುಡುಕತೊಡಗಿದರು.