ಹುಡುಕಾಟಕ್ಕೆ ಸಿಕ್ಕ ರಿಯಾಯಿತಿ

ಮಗಳು ಮೆಡಿಸಿನ್ ಬೇಡ, ಭೂವಿಜ್ಞಾನ ಓದುತ್ತೇನೆ ಎಂದಾಗ ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಕನ್ನಡ ಬಳಗದಲ್ಲಿ ಅದರ ಬಗ್ಗೆ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಡಾಕ್ಟರಾದ ನನಗೂ ತಿಳಿದಿರಲಿಲ್ಲ. ಓದು ಮುಗಿಸಿ ಅವಳು ಗಡಿಯ ನದಿಯಾಚೆ ಕೆನಡಾದ ಪುಟ್ಟ ಕಂಪನಿಯೊಂದಕ್ಕೆ ಸೇರಿದಳು. ಉತ್ತರದ ಕಾಡುಗಳಲ್ಲಿ ನೆಲ ಕೊರೆದು ನಿಕ್ಕಲ್ ಲೋಹದ ಅದಿರು ಹುಡುಕುವುದು ಅವರ ಕೆಲಸ.

ಒಂದು ಚಳಿಗಾಲದ ಕೊನೆಗೆ ಅವಳು ಮಂಕಾದಳು. ಇಂಥ ಹುಡುಕಾಟಕ್ಕೆ ಹಣ ಹಾಕುವವರಿಗೆ ಅಲ್ಲಿನ ಸರ್ಕಾರ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದಂತೆ. ಅದರ ಅವಧಿ ಮುಗಿಯುತ್ತ ಬಂದಿತ್ತು, ಮುಂದುವರಿಸುವ ಸುದ್ದಿಯೇ ಇರಲಿಲ್ಲ. ರಿಯಾಯಿತಿ ನಿಂತರೆ ಹಣ ಹಾಕುವವರಿಲ್ಲ, ಬೇಸಿಗೆಯಲ್ಲಿ ಕೊರೆಯುವ ಕೆಲಸವೂ ಇಲ್ಲ.

ಆ ವಾರ ಅವಳು ಮನೆಗೆ ಬಂದಾಗ ನಾವು ಗಂಡ ಹೆಂಡತಿ, ಮಗಳು ಮೂವರೂ ಕಾರಿನಲ್ಲಿ ಐದಾರು ಗಂಟೆ ದಾರಿಯ ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಹೋದೆವು. ಅಲ್ಲಿನ ಕ್ಯಾಂಟೀನಿನಲ್ಲಿ ಪಕ್ಕದ ಡೌನರ್ಸ್ ಗ್ರೋವ್‌ನ ಹಳೆಯ ಪರಿಚಯದವರೊಬ್ಬರು ಸಿಕ್ಕರು. ತೆರಿಗೆ ಲೆಕ್ಕ ನೋಡುವವರು, ಕೆನಡಾದಲ್ಲೂ ಕೆಲಸ ಮಾಡಿದವರು. ನನ್ನ ಗಂಡ ಧಾರವಾಡದವರು, ಇಂಜಿನಿಯರ್; ಅನುಮಾನವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವವರಲ್ಲ. ಮಗಳ ಚಿಂತೆಯನ್ನು ಹೇಳಿ ನೇರವಾಗಿ ಕೇಳಿಯೇಬಿಟ್ಟರು.

"ಅಲ್ರೀ, ನಿಕ್ಕಲ್ ಸಿಗಲಿಲ್ಲಂದ್ರೂ ರಿಯಾಯಿತಿ ಕೊಡ್ತಾರೇನ್ರೀ?"

"ಕೊಡ್ತಾರೆ. ಅದು ಹುಡುಕೋ ಖರ್ಚಿಗೇ ಇರೋದು," ಎಂದರು ಅವರು. "ಸಿಕ್ಕೇ ಸಿಗುತ್ತೆ ಅಂತಿದ್ರೆ ಬ್ಯಾಂಕೇ ಸಾಲ ಕೊಡ್ತಿತ್ತು, ಸರ್ಕಾರ ಯಾಕೆ ಬೇಕಿತ್ತು?" ಮಗಳ ಕಡೆ ತಿರುಗಿ ಹೇಳಿದರು: "ಹಿಂದೆನೂ ಹೀಗೇ ಕಾಯಿಸಿ ಎಕ್ಸ್‌ಟೆಂಡ್ ಮಾಡಿದಾರಮ್ಮ. ಈಗ್ಲೇ ಬೇರೆ ಕಡೆ ಅಪ್ಲೈ ಮಾಡ್ಬೇಡ, ಸ್ವಲ್ಪ ತಡಿ."

"ಥ್ಯಾಂಕ್ಯೂ ಅಂಕಲ್," ಎಂದಳು ಮಗಳು. ಅಷ್ಟು ಹೊತ್ತು ಮುಟ್ಟದಿದ್ದ ಪುಳಿಯೋಗರೆಯನ್ನು ಆಮೇಲೆ ಪೂರ್ತಿ ತಿಂದಳು.

ಅವರು ಹೇಳಿದಂತೆಯೇ ಆಯಿತು. ರಿಯಾಯಿತಿ ಮುಂದುವರಿಯಿತು, ಮಗಳು ಕಾಡಿಗೆ ಹೋದಳು. ಆ ಬೇಸಿಗೆ ಕೊರೆದಲ್ಲೆಲ್ಲ ಬರೀ ಕಲ್ಲು. ಫೋನಿನಲ್ಲಿ ಅದನ್ನು ಹೇಳುವಾಗ ಅವಳ ದನಿಯಲ್ಲಿ ಸೋಲಿರಲಿಲ್ಲ. ಎಲ್ಲಿ ಇಲ್ಲ ಎಂದು ತಿಳಿಯುವುದೂ ಕೆಲಸವೇ ಅಂತೆ. ಮುಂದಿನ ಜಾಗವನ್ನು ಆಗಲೇ ಗುರುತು ಮಾಡಿದ್ದರು.

ಅವಳನ್ನು ಕಂಡೇ ಇರದ ಎಷ್ಟೋ ಜನರ ತೆರಿಗೆಯ ಪಾಲು ಅವಳ ಈ ಹುಡುಕಾಟದಲ್ಲಿದೆ. ಅವರಿಗೆ ನನ್ನ ಕೃತಜ್ಞತೆಯನ್ನು ಹೇಗೆ ಮುಟ್ಟಿಸಲಿ? ಕ್ಯಾಂಟೀನಿನ ಆ ಹಿರಿಯರಿಗಾದರೂ ಫೋನ್ ಮಾಡಿ ಹೇಳಿದೆ.

ಎಲೆ ಉದುರುವ ಕಾಲಕ್ಕೆ ಮಗಳು ನಮ್ಮನ್ನು ತನ್ನ ಕಂಪನಿಯ ಶೆಡ್ಡಿಗೆ ಕರೆದೊಯ್ದಳು. ನೆಲದಾಳದಿಂದ ಕೊರೆದು ತೆಗೆದ ಕೋಲಿನಂಥ ಕಲ್ಲುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಗಂಡ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಮನೆಯಲ್ಲಿ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಕಲ್ಲಿನ ಮೇಲೆ ಬೆರಳಿಟ್ಟು, "ಇಲ್ಲಿ ಕಲರ್ ಚೇಂಜ್ ಆಗತ್ತೆ, ನೋಡಿ ಅಪ್ಪ," ಎಂದಳು.

ಅವರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.