ಕಿತ್ತಿಟ್ಟ ವೈರಿನಿಂದ ಬಂದ ಸಂಕೇತ

ವಿವರಣೆ ಸಿಗದ ಘಟನೆ ಎಂದು ಯಾರಾದರೂ ಹೇಳಿದರೆ, ಸರಿಯಾಗಿ ವಿಚಾರಿಸಿಲ್ಲ ಎಂದೇ ನಾನು ತಿಳಿಯುತ್ತಿದ್ದೆ. ಮಂಡ್ಯದಲ್ಲಿ ವರದಿಗಾರನಾಗಿ ಇಂಥ ಎಷ್ಟೋ ಸುದ್ದಿಗಳ ಬೆನ್ನು ಹತ್ತಿ, ಎಲ್ಲದಕ್ಕೂ ಕಾರಣ ಕಂಡು ದಣಿದವನು. ಇದೊಂದನ್ನು ಮಾತ್ರ ಕಂಡಂತೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಮದ್ದೂರು ಬಳಿಯ ಕಾಲೇಜೊಂದರ ಪ್ರಯೋಗಾಲಯಕ್ಕೆ ಹೋಗಿದ್ದೆ. ಕೊಪ್ಪದ ಸವಿತಾ ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದರು. ಅವರು ಅಭ್ಯಾಸ ಮಾಡುತ್ತಿದ್ದ ಹರಳು ಕಬ್ಬಿಣದ ಆಕ್ಸೈಡು. ಅದರಲ್ಲಿ ವಿದ್ಯುತ್ ಹರಿಯದು. ಒಳಗಿನ ಸೂಕ್ಷ್ಮ ಕಾಂತಗಳು ವಿರುದ್ಧ ದಿಕ್ಕಿಗೆ ನಿಂತು ಒಂದನ್ನೊಂದು ರದ್ದು ಮಾಡಿಕೊಳ್ಳುತ್ತವೆ. ಆದರೂ ‘ಸ್ಪಿನ್’ ಎಂಬ ಕಾಂತೀಯ ಗುಣ ಪರಮಾಣುವಿನಿಂದ ಪರಮಾಣುವಿಗೆ ದಾಟಿ ಆಚೆ ಬರುತ್ತದಂತೆ.

“ಗಾರೆ ಕೆಲಸದಲ್ಲಿ ಸಾಲಾಗಿ ನಿಂತು ಇಟ್ಟಿಗೆ ದಾಟುಸ್ತಾರಲ್ಲ ಸಾರ್, ಅಂಗೆ. ಆಳು ನಿಂತಲ್ಲೇ ಇರ್ತಾನೆ, ಇಟ್ಟಿಗೆ ಓಯ್ತದೆ” ಎಂದರು ಸವಿತಾ.

ಹರಳಿನ ಮೇಲೆ ಪ್ಲಾಟಿನಂನ ಎರಡು ಪಟ್ಟಿಗಳು. ಒಂದಕ್ಕೆ ಕರೆಂಟು ಕೊಟ್ಟರೆ, ಸ್ಪಿನ್ ಹರಳಿನೊಳಗೆ ಸಾಗಿ ಇನ್ನೊಂದರಲ್ಲಿ ಸಣ್ಣ ವೋಲ್ಟೇಜಾಗಿ ಕಾಣಬೇಕು. ಆರು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಪ್ರಬಂಧ ಸಲ್ಲಿಸಲು ಆ ವಾರವೇ ಕೊನೆ.

ನಡುವೆ ಕರೆಂಟು ಹೋಗಿ ಬಂತು. ಸವಿತಾ ಮತ್ತೆ ಅಳತೆಗೆ ಕೂತರು. ಸ್ವಿಚ್ಚು ಹಾಕಿದಾಗ ಪರದೆಯಲ್ಲಿ ವೋಲ್ಟೇಜಿನ ಗೆರೆ ಏರಿತು, ತೆಗೆದಾಗ ಇಳಿಯಿತು. ಹನ್ನೊಂದು ಸಲ ಹಾಗಾಯಿತು. ಪ್ರತಿ ಸಲದ ಸಮಯವನ್ನೂ ನಾನು ಬರೆದುಕೊಂಡೆ. ಆಕೆಗೆ ಖುಷಿಪಡಲೂ ಶಕ್ತಿ ಉಳಿದಂತೆ ಕಾಣಲಿಲ್ಲ.

ಕಸ ಗುಡಿಸುತ್ತಿದ್ದ ಅಟೆಂಡರ್ ನಿಂಗಣ್ಣ ಮೇಜಿನ ಹಿಂದೆ ಬಗ್ಗಿದರು. “ಏನ್ ಕಣವ್ವಾ, ವೈರು ಇಲ್ಲೇ ಬಿದ್ದದಲ್ಲ! ಸಿಕ್ಕುಸ್ದೆ ಇಷ್ಟೊತ್ತು ಯಾವ ಸೀಮೆ ಪ್ರಯೋಗ ಮಾಡ್ದೆ?”

ವೋಲ್ಟೇಜ್ ಏರಿಳಿತಕ್ಕೆ ಹೆದರಿ, ಕರೆಂಟು ಹೋದೊಡನೆ ಮೊದಲ ಪಟ್ಟಿಯ ವೈರು ಕಿತ್ತಿಡುವುದು ಅಲ್ಲಿಯ ಅಭ್ಯಾಸ. ಸವಿತಾ ಮರಳಿ ಸಿಕ್ಕಿಸುವುದನ್ನು ಮರೆತಿದ್ದರು. ಮೊದಲ ಪಟ್ಟಿಗೆ ಕರೆಂಟೇ ಹೋಗಿರಲಿಲ್ಲ.

ಸಿಕ್ಕಿಸಿ ನೋಡಿದರು, ಗೆರೆ ಅಲುಗಲಿಲ್ಲ. ಕಿತ್ತು ನೋಡಿದರು, ಆಗಲೂ ಇಲ್ಲ. ಬೇರೆ ವೈರಿನ ಸೋರಿಕೆಯೋ, ಬಿಸಿಯೋ, ಪಕ್ಕದ ಮೋಟರಿನ ಪ್ರಭಾವವೋ ಎಂದು ಸಂಜೆಯವರೆಗೆ ಪರೀಕ್ಷಿಸಿದರು. ಯಾವುದೂ ಅಲ್ಲ.

“ಬುಡವ್ವ, ಗೆರೆ ಬಂದದೆ ತಾನೆ? ಬರ್ಕೊ. ನಾನು, ನೀನು, ಈ ಪೇಪರ್‌ನೋರು ಬುಟ್ರೆ ವೈರು ಕಿತ್ತಿದ್ದುದ್ನ ಯಾರ್ ನೋಡವ್ರೆ?” ಎಂದರು ನಿಂಗಣ್ಣ.

ಸವಿತಾ ನನ್ನತ್ತ ನೋಡಿದರು.

“ಬ್ಯಾಡ ನಿಂಗಣ್ಣ. ಎಲ್ಲಿಂದ ಬಂತು ಅಂದ್ರೆ ಏನೇಳ್ಲಿ?” ಎನ್ನುತ್ತ ಆಕೆ ಆ ದಿನದ ಹಾಳೆಗೆ ಅಡ್ಡಗೆರೆ ಎಳೆದರು.

ಪ್ರಬಂಧ ಸಲ್ಲಿಕೆಯಾಗಲಿಲ್ಲ. ಆಕೆ ಈಗ ಮಳವಳ್ಳಿಯಲ್ಲಿ ಪಿಯು ಮಕ್ಕಳಿಗೆ ಪಾಠ ಹೇಳುತ್ತಾರೆ. ನಾನೂ ವರದಿ ಬರೆಯಲಿಲ್ಲ. ಕಳೆದ ತಿಂಗಳು ಸವಿತಾ ಬಸ್ಸಿನಲ್ಲಿ ಸಿಕ್ಕಿ, ಕ್ಷೇಮ ಸಮಾಚಾರಕ್ಕೂ ಮೊದಲೇ ಕೇಳಿದರು: “ಸಾರ್, ಅವತ್ತು ನೀವೂ ನೋಡುದ್ರಿ ತಾನೆ?”

“ನೋಡಿದೆ” ಎಂದೆ.