ಮೂರು ಕಡೆ ಇಡುವ ಸ್ಟುಡಿಯೋ ಮಾಮ

ಸ್ಟುಡಿಯೋ ಮಾಮನ ಮಟ್ಟಿಗೆ ಒಂದೇ ಕಡೆ ಇರುವ ಫೋಟೋ ಎಂದರೆ ಅಂಗೈಯಲ್ಲಿ ಹಿಡಿದ ನೀರು. ತೆಗೆದದ್ದನ್ನೆಲ್ಲ ಅಂಗಡಿಯ ಕಂಪ್ಯೂಟರಿನಲ್ಲಿ, ಮನೆಯ ಬೀರುವಿನಲ್ಲಿಟ್ಟ ಹಾರ್ಡ್ ಡಿಸ್ಕಿನಲ್ಲಿ, ಪಕ್ಕದೂರಿನ ಅಕ್ಕನ ಮನೆಯಲ್ಲಿಟ್ಟ ಇನ್ನೊಂದು ಡಿಸ್ಕಿನಲ್ಲಿ ಇಟ್ಟ ಮೇಲೆಯೇ ಅವರಿಗೆ ಊಟ ರುಚಿಸುವುದು. "ನನ್ನ ಬಟ್ಟೆಗೇ ಜಾಗ ಇಲ್ಲ, ನಡುವೆ ನಿಮ್ಮ ಡಿಸ್ಕು ಬೇರೆ!" ಎಂದು ಹೆಂಡತಿ ಗೊಣಗಿದರೆ, "ಅದರಲ್ಲಿ ಅರ್ಧ ಊರೇ ಇದೆ ಕಣೇ, ಮೆಲ್ಲಗೆ ಮಾತಾಡು," ಎನ್ನುವರು. "ಡಿಸ್ಕಲ್ಲಿ ಇಡೋದಾ ಮಾಮ, ಕ್ಲೌಡಲ್ಲಾ?" ಎಂದು ಗಿರಾಕಿ ಕೇಳಿದರೆ ಮುಗಿಯಿತು, ಕುರ್ಚಿ ಎಳೆದು ಕೂರಿಸುವರು. "ಎರಡರಲ್ಲೂ ಇಡಿ. ಡಿಸ್ಕು ಕೈಯಿಂದ ಜಾರುತ್ತೆ, ಕ್ಲೌಡಿನ ಪಾಸ್‌ವರ್ಡು ತಲೆಯಿಂದ ಜಾರುತ್ತೆ. ಆದ್ರೆ ಇಟ್ಟು ಮರೀಬೇಡಿ, ತಿಂಗಳಿಗೊಮ್ಮೆ ತೆಗೆದು ನೋಡಿ." ಹಾಗೆ ನೋಡಲು ತಾವೇ ಕೂತರೆ, ಯಾರದೋ ಮಗುವಿನ ಬೊಚ್ಚು ನಗುವಿಗೆ ತಾವೂ ನಗುತ್ತ ಹೊತ್ತು ಹೋದದ್ದೇ ತಿಳಿಯದು. ಒಮ್ಮೆ ಬಟ್ಟೆ ಹೊಲಿಯುವಾಕೆಯೊಬ್ಬಳು ಬಂದಳು. ಮನೆಗೆ ಬೆಂಕಿ ಬಿದ್ದು, ತೀರಿಹೋದ ತಾಯಿಯ ಒಂದೇ ಒಂದು ಫೋಟೋ ಸುಟ್ಟಿತ್ತು. ಅದನ್ನು ತೆಗೆದದ್ದು ಮಾಮನೇ, ಆದರೆ ಅಂಗಡಿಯ ಆ ಕಾಲದ ಕಂಪ್ಯೂಟರು ಕೆಟ್ಟು ವರ್ಷಗಳಾಗಿದ್ದವು. ಮಾಮ ಅಂಗಡಿಯ ಬಾಗಿಲೆಳೆದು ಅವಳನ್ನು ಮನೆಗೇ ಕರೆದೊಯ್ದು ಬೀರು ತೆರೆದರು. ಡಿಸ್ಕಿನಲ್ಲಿ ಸುಟ್ಟುಹೋದ ಆ ಬಿಗಿಮೊಗದ ಚಿತ್ರವಷ್ಟೇ ಅಲ್ಲ, ಅಂದು ತಾಯಿ ಬೇಡವೆಂದಿದ್ದ ಇನ್ನೂ ಆರು ಚಿತ್ರಗಳಿದ್ದವು. ಒಂದರಲ್ಲಿ ಆಕೆ ಕಣ್ಣು ಮುಚ್ಚಿ, ಬಾಯ್ತುಂಬ ನಗುತ್ತಿದ್ದರು. "ಬೇಡ ಅಂದಿದ್ದನ್ನೂ ಇಟ್ಕೊಂಡಿದ್ರಾ?" ಎಂದಳು ಮಗಳು. "ಬೇಡ ಅಂದೋರು ನಿಮ್ಮಮ್ಮ. ನಿನ್ನನ್ನ ಯಾರೂ ಕೇಳಿರ್ಲಿಲ್ವಲ್ಲಮ್ಮ," ಎಂದರು ಮಾಮ. ಅವಳು ಕಣ್ಣೊರೆಸಿಕೊಂಡು, "ನಮ್ಮಮ್ಮ ನಗ್ತಿದ್ದಿದ್ದೇ ಹಿಂಗೆ," ಎಂದು ಆ ನಗುವನ್ನೇ ಗೋಡೆಯಷ್ಟು ದೊಡ್ಡದು ಮಾಡಿಸಿಕೊಂಡು ಹೋದಳು.